ಬಲಕ್ಕೊಂದು ಗೇಣು

ದೊಡ್ಡ ಸಾಹೇಬರ ಪಿಸ್ತೂಲಿನಿಂದ ಹೊರಟ ಗುಂಡು ಕಸ ಗುಡಿಸುವ ಹೆಂಗಸೊಬ್ಬಳ ಕುತ್ತಿಗೆಗೆ ಹೊಕ್ಕು ಅವಳು ಸತ್ತಳು. ಅವಳ ಹೆಗಲ ಮೇಲಿದ್ದ ಲೌಡ್‌ಸ್ಪೀಕರಿನ ತುತ್ತೂರಿಗೆ ಏನೂ ಆಗಲಿಲ್ಲ.

ಆ ಪಿಸ್ತೂಲು ಈಗ ಪೊಲೀಸ್ ಇಲಾಖೆಯ ಆಯುಧ ರಿಪೇರಿ ಶೆಡ್ಡಿನಲ್ಲಿ, ರಿಪೇರಿಗಾರ್ತಿಯ ಮೇಜಿನ ಮೇಲೆ, ಹಳೇ ಟವೆಲೊಂದರಲ್ಲಿ ಸುತ್ತಿಕೊಂಡು ಯಾರೋ ಮರೆತುಹೋದ ತಿಂಡಿಯ ಪೊಟ್ಟಣದ ಹಾಗೆ ಬಿದ್ದಿತ್ತು. ಬೆಳಿಗ್ಗೆ ಚಿಕ್ಕ ಸಾಹೇಬರು ತಾವೇ ತಂದಿಟ್ಟು, ಟವೆಲಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿ, ನಾಳೆ ಇದು ತನಿಖೆಯವರ ಪರೀಕ್ಷೆಗೆ ಹೋಗುತ್ತದೆ, ಅಷ್ಟರೊಳಗೆ ಗುರಿ ಹಿಡಿಯುವ ಸೈಟನ್ನು ನಡುವಿಗೆ ತಂದಿಡಬೇಕು, ಸಂಜೆ ದೊಡ್ಡವರೇ ಬಂದು ನೋಡುತ್ತಾರೆ ಎಂದು ಹೇಳಿ, ಹೊರಡುವಾಗ ಬಾಗಿಲಲ್ಲಿ ನಿಂತು, ನಿಮಗೆ ಇದು ಉಗುರು ಕತ್ತರಿಸಿದಷ್ಟು ಕೆಲಸ ಅಲ್ಲವೇ ಎಂದು ನಕ್ಕಿದ್ದರು. ಅವಳು ತಲೆಯಾಡಿಸಿದ್ದಳು. ಆಗಿನಿಂದ ಅವಳನ್ನು ಕೊರೆಯುತ್ತಿದ್ದುದು ಅದೇ. ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ತಲೆ ತನ್ನಷ್ಟಕ್ಕೆ ಆಡಿತ್ತು. ಕೆಲಸಕ್ಕೆ ಸೇರಿದ ದಿನ ‘ಹೆಂಗಸಿಗೆ ಯಾಕಮ್ಮ ಈ ಕಬ್ಬಿಣದ ಸಹವಾಸ’ ಎಂದವರ ಮುಂದೆ ಆಡಿದ ತಲೆ, ಅತ್ತೆ ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದಾಗ ರುಚಿ ನೋಡುವ ಮೊದಲೇ ಆಡುವ ತಲೆ. ಸ್ಪ್ರಿಂಗ್ ಸಡಿಲವಾದ ಯಂತ್ರವಾಗಿದ್ದರೆ ಬಿಚ್ಚಿ ಬೇರೆ ಹಾಕಬಹುದಿತ್ತು.

ಶೆಡ್ಡಿನಲ್ಲಿ ಅವಳೊಬ್ಬಳೇ. ಸಹಾಯಕರಿಬ್ಬರನ್ನೂ ಬಂದೋಬಸ್ತಿಗೆ ಎಳೆದುಕೊಂಡು ಹೋಗಿದ್ದರು. ಅರ ಉಜ್ಜಿ ಅಭ್ಯಾಸವಾದ ಕೈಗಳಿಗೆ ಲಾಠಿ ಕೊಟ್ಟು ಯಾವುದೋ ತಿರುವಿನಲ್ಲಿ ನಿಲ್ಲಿಸಿದ್ದರು. ಕಸ ಗುಡಿಸುವವರು ಕೈಗವಸು, ಬೂಟು ಕೇಳಿ ಪೊರಕೆ ಕೆಳಗಿಟ್ಟಿದ್ದು ಮೊದಲು ಅರ್ಧ ಊರಿನಲ್ಲಿ. ಹೆಂಗಸು ಸತ್ತ ಮೇಲೆ ಉಳಿದರ್ಧದವರೂ ಇಟ್ಟುಬಿಟ್ಟಿದ್ದರು. ಕಾಂಪೌಂಡಿನಾಚೆ ರಾಶಿ ಗೋಡೆಯೆತ್ತರ ಬೆಳೆದು, ಕೊಳೆತ ಹಣ್ಣಿನ, ಒದ್ದೆ ರಟ್ಟಿನ ವಾಸನೆ ಗ್ರೀಸಿನ ವಾಸನೆಯ ಜೊತೆ ಸೇರಿ ಮೂಗಿನೊಳಗೆ ಅಂಟಿನಂತೆ ಕೂತಿತ್ತು. ಮೇಲೆ ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತಿತ್ತು. ಅದನ್ನು ಬದಲಿಸಿ ಎಂದು ಹೇಳಿ ಹೇಳಿ ಅವಳ ಬಾಯಿ ಸೋತಿತ್ತು; ಎಲೆಕ್ಟ್ರಿಷಿಯನ್ ಪ್ರತಿ ಸಲ ಬಂದು, ಲೈಟು ಚೆನ್ನಾಗೇ ಇದೆ, ನಿಮ್ಮ ಕರೆಂಟೇ ಸರಿಯಿಲ್ಲ ಎಂದು ಹೇಳಿ ಹೋಗುತ್ತಿದ್ದ. ಕರೆಂಟು ಅವಳ ತವರಿನಿಂದ ತಂದದ್ದು ಎನ್ನುವ ಹಾಗೆ. ಒಂದು ನೊಣ ಟವೆಲಿನ ಮೇಲೆ ಕೂತು ಕೈ ಉಜ್ಜಿಕೊಂಡಿತು. ಅವಳು ಅದನ್ನು ಓಡಿಸಿದಳು. ಅದು ಸುತ್ತಿ ಬಂದು ಅಲ್ಲೇ ಕೂತಿತು. ಎಷ್ಟು ಸಲ ಓಡಿಸಿದರೂ ಅದಕ್ಕೆ ಅದೇ ಜಾಗ ಬೇಕು.

ಗುರಿ ತಪ್ಪಿದವರೆಲ್ಲ ಬರುವುದು ಇಲ್ಲಿಗೇ. ಪಿಸ್ತೂಲು ಎಡಕ್ಕೆ ಹೊಡೆಯುತ್ತದೆ, ಕೆಳಕ್ಕೆ ಹೊಡೆಯುತ್ತದೆ, ಮಧ್ಯಾಹ್ನವಾದರೆ ಮೇಲಕ್ಕೆ ಹೊಡೆಯುತ್ತದೆ ಎಂದು ದೂರು. ಒಬ್ಬ ಪುಣ್ಯಾತ್ಮನಂತೂ, ನನ್ನದು ಸೋಮವಾರ ಮಾತ್ರ ತಪ್ಪುತ್ತದೆ ಎಂದು ತಂದುಕೊಟ್ಟಿದ್ದ. ಯಾರೂ ಯಾವತ್ತೂ ‘ನಾನು ತಪ್ಪಿದೆ’ ಎಂದು ಬಂದವರಿಲ್ಲ. ಅವಳು ಪಿಸ್ತೂಲನ್ನು ಮರಳಿನ ಚೀಲದ ಮೇಲೆ ಒತ್ತಿ ಕೂರಿಸಿ, ಉಸಿರು ಅರ್ಧ ಬಿಟ್ಟು ನಿಲ್ಲಿಸಿ ತಾನೇ ಹೊಡೆದು ನೋಡುತ್ತಿದ್ದಳು. ತೂತುಗಳು ಹಲಗೆಯ ನಡುವೆ ಒಂದರ ಪಕ್ಕ ಒಂದು ಕೂರುತ್ತಿದ್ದವು. ಆಮೇಲೆ ಸೈಟು ಸಡಿಲವಿದೆಯೇ, ನಳಿಕೆಯ ಮೂತಿಗೆ ಪೆಟ್ಟಾಗಿದೆಯೇ, ಟ್ರಿಗರ್ ಎಳೆಯುವಾಗ ಎಲ್ಲಾದರೂ ಕಚ್ಚುತ್ತದೆಯೇ ಎಂದು ಒಂದೊಂದಾಗಿ ನೋಡಿ, ಎಲ್ಲ ಸರಿಯಿದೆ ಎಂದು ವಾಪಸು ಕೊಟ್ಟರೆ ಯಾರ ಮುಖದಲ್ಲೂ ಸಂತೋಷವಿಲ್ಲ; ಮಗುವಿಗೆ ಜ್ವರವಿಲ್ಲ ಎಂದು ಹೇಳಿದ ಡಾಕ್ಟರನ್ನು ಬೈಯುವ ತಾಯಂದಿರನ್ನು ಅವಳು ಇಲ್ಲಿ ಖಾಕಿಯಲ್ಲಿ ನೋಡಿದ್ದಳು. ಗುಂಡು ಅಲ್ಲೊಂದು ಇಲ್ಲೊಂದು ಚೆದುರಿದ್ದರೆ ಕೈಯ ತಪ್ಪು, ಎಲ್ಲವೂ ಗುಂಪಾಗಿ ಒಂದೇ ಕಡೆ ಹೋಗಿ ಬಿದ್ದಿದ್ದರೆ ಕಬ್ಬಿಣದ ತಪ್ಪು ಎಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಆದರೆ ಒಂದೇ ತಪ್ಪನ್ನು ಪ್ರತಿ ಸಲವೂ ಅಷ್ಟೇ ನಿಷ್ಠೆಯಿಂದ ಮಾಡುವವರ ಗುಂಡುಗಳೂ ಗುಂಪಾಗಿಯೇ ಬೀಳುತ್ತವೆ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ.

ದೊಡ್ಡ ಸಾಹೇಬರ ತೂತುಗಳು ಹಾಗಿದ್ದವು. ಹಲಗೆಯ ನಡುವಿನಿಂದ ನಾಲ್ಕು ಬೆರಳು ಎಡಕ್ಕೆ, ಮುದ್ದಾಗಿ, ಒಂದು ಸಂಸಾರದ ಹಾಗೆ ಒತ್ತಿಕೊಂಡು ಕೂತಿದ್ದವು. ಅವರು ಒಂದು ದಿನ ಐದಾರು ಜನರನ್ನು ಹಿಂದೆ ಕಟ್ಟಿಕೊಂಡು ಬಂದು, ಏಯ್ ರಿಪೇರಿ, ಇದೇನು ನೋಡು ಎಂದಿದ್ದರು. ಅವಳಿಗೆ ಹೆಸರಿದೆ, ಹುದ್ದೆಯಿದೆ, ತಲೆಯಲ್ಲಿ ಅರ್ಧ ಬಿಳಿ ಕೂದಲಿದೆ. ಆದರೂ ಏಯ್ ರಿಪೇರಿ. ಅವಳು ಚೀಲದ ಮೇಲಿಟ್ಟು ಹೊಡೆದಳು. ನಡುವಿಗೇ ಬಿತ್ತು. ಪಿಸ್ತೂಲು ಸರಿಯಿದೆ ಸಾರ್ ಎಂದಳು. ಹಾಗಾದರೆ ಯಾರು ಸರಿಯಿಲ್ಲ ಎಂದು ಅವರು ಕೇಳಿದಾಗ ಹಿಂದಿದ್ದವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಅಲ್ಲಿಗೇ ನಿಲ್ಲಿಸಬಹುದಿತ್ತು, ಎಲ್ಲರೂ ಹೋದ ಮೇಲೆ ಮೆಲ್ಲಗೆ, ಸಾರ್, ಸದ್ದಿಗೆ ಮೊದಲೇ ನಿಮ್ಮ ಮಣಿಕಟ್ಟು ಬೆದರುತ್ತದೆ, ನಾಲ್ಕು ದಿನ ಖಾಲಿ ಪಿಸ್ತೂಲಲ್ಲಿ ಅಭ್ಯಾಸ ಮಾಡಿ ಎನ್ನಬಹುದಿತ್ತು. ಅವಳು ಮಾಡಿದ್ದೇ ಬೇರೆ. ಒಳಗೆ ಹೋಗಿ, ನಿಜವಾದ ಗುಂಡುಗಳ ನಡುವೆ ಮದ್ದಿಲ್ಲದ ಒಂದು ಡಮ್ಮಿ ಗುಂಡು ಸೇರಿಸಿ ತಂದು, ಇನ್ನೊಂದು ಸಲ ಹೊಡೆಯಿರಿ ಸಾರ್ ಎಂದು ವಿನಯವಾಗಿ ಕೈಗಿಟ್ಟಳು. ಡಮ್ಮಿಯ ಸರದಿ ಬಂದಾಗ ಪಿಸ್ತೂಲು ಟಿಕ್ ಎಂದಿತು, ಸದ್ದೂ ಇಲ್ಲ, ಹೊಗೆಯೂ ಇಲ್ಲ. ಆದರೂ ಅದರ ಮೂತಿ ಹಗ್ಗ ಜಗ್ಗಿದ ಕರುವಿನ ಮೂತಿಯ ಹಾಗೆ ಎಡಕ್ಕೆ ಎಗರಿಬಿತ್ತು. ಎಲ್ಲರೂ ಕಂಡರು. ಯಾರೋ ನಗುವನ್ನು ಕೆಮ್ಮಾಗಿ ಮಾಡಿಕೊಂಡರು. ಅವಳ ಹೊಟ್ಟೆಯೊಳಗೆ ತಣ್ಣಗೆ, ಸಿಹಿಯಾಗಿ ಏನೋ ಇಳಿಯಿತು. ಆ ಸಿಹಿ ಈಗ ನೆನಪಾದರೆ ಉಗುಳಬೇಕೆನಿಸುತ್ತದೆ. ಯಾಕೆಂದರೆ ದೊಡ್ಡ ಸಾಹೇಬರು ಕೆಂಪಗಾಗಿ, ಎಲ್ಲರನ್ನೂ ಆಚೆ ಕಳಿಸಿ, ನನ್ನ ಕೈ ಹೀಗೇ, ಪಿಸ್ತೂಲು ನನ್ನದು, ಅದು ನನ್ನ ಕೈಗೆ ತಕ್ಕ ಹಾಗಿರಬೇಕು, ಸೈಟು ಬಲಕ್ಕೆ ಸರಿಸು ಎಂದರು. ಆಗಲೂ ತಲೆಯಾಡಿತು.

ಪಿಸ್ತೂಲಿನ ಬೆನ್ನ ಮೇಲೆ, ಹಿಂದುಗಡೆ, ನಡುವೆ ಕಚ್ಚು ಕೊರೆದ ಉಗುರಿನಷ್ಟು ಉಕ್ಕಿನ ತುಂಡು ಈ ಸೈಟು. ಕಚ್ಚಿನ ನಡುವೆ ಮುಂದಿನ ಮೊಳೆ ಕಾಣುವ ಹಾಗೆ ಹಿಡಿದರೆ ಗುರಿ. ಹಿಂದಿನ ತುಂಡನ್ನು ಎತ್ತ ಸರಿಸಿದರೆ ಗುಂಡೂ ಅತ್ತಲೇ ಸರಿಯುತ್ತದೆ. ಬಲಕ್ಕೆ ಕೂದಲೆಳೆಯಷ್ಟು ಸರಿಸಿದ್ದಳು. ಸಾಹೇಬರ ಕೈ ಎಡಕ್ಕೆ ಎಳೆಯಿತು, ಸೈಟು ಬಲಕ್ಕೆ ತಳ್ಳಿತು, ಎರಡು ತಪ್ಪು ಸೇರಿ ಗುಂಡು ನಡುವಿಗೆ ಬಿತ್ತು. ಮತ್ತೆ ಒಳಗೆ ಬಂದ ಜನ ಚಪ್ಪಾಳೆ ತಟ್ಟಿದರು. ಸಾರ್, ಇದನ್ನು ಬೇರೆಯವರ ಕೈಗೆ ಕೊಡಬೇಡಿ, ಕೈ ಸ್ಥಿರವಿದ್ದವರು ಹೊಡೆದರೆ ಬಲಕ್ಕೆ ಹೋಗುತ್ತದೆ: ಇಷ್ಟೇ ಮಾತು. ಅವಳು ಹೇಳಲಿಲ್ಲ. ಸೊಂಟದಿಂದ ಬಿಚ್ಚದ ಮನುಷ್ಯ ಯಾರಿಗೆ ಕೊಡುತ್ತಾನೆ ಎಂದುಕೊಂಡಳು. ಅದಕ್ಕಿಂತ ಹೆಚ್ಚಾಗಿ, ಆ ಚಪ್ಪಾಳೆಗೆ ಸಿಟ್ಟು ಬಂದು ಬಾಯಿ ತೆರೆಯುವ ಮನಸ್ಸೇ ಆಗಲಿಲ್ಲ.

ಹೆಂಗಸು ಸತ್ತ ದಿನ ಆಫೀಸಿನ ಗೇಟಿನ ಮುಂದೆ ಏನಾಯಿತೆಂದು ಅವಳು ನೋಡಲಿಲ್ಲ. ನೋಡಿದವರು ಎಷ್ಟು ಸಲ ಹೇಳಿದ್ದರೆಂದರೆ ಈಗ ಅವಳಿಗೆ ತಾನೇ ಅಲ್ಲಿ ನಿಂತಿದ್ದ ಹಾಗೆ ಕಣ್ಣು ಉರಿಯುತ್ತದೆ. ಕಸದ ಲಾರಿಯ ಮೇಲೆ ತುತ್ತೂರಿ ಕಟ್ಟಿದ್ದರು. ಕೈಗವಸು ಕೊಡಿ, ಬೂಟು ಕೊಡಿ, ಅಷ್ಟೇ ಹಾಡು; ಬೆಳಗಿನಿಂದ ಅದೇ. ತುತ್ತೂರಿ ಹಿಡಿದಿದ್ದ ಪಟ್ಟಿಯ ಸ್ಕ್ರೂ ಉದುರಿ ಅದು ಜೋತುಬಿದ್ದಾಗ ಒಬ್ಬ ಹೆಂಗಸು ಲಾರಿ ಹತ್ತಿ ಅದನ್ನೆತ್ತಿ ಬಲ ಹೆಗಲ ಮೇಲಿಟ್ಟುಕೊಂಡಳು. ಒಂದು ಸ್ಕ್ರೂ. ರಿಪೇರಿಗಾರ್ತಿಯ ಡ್ರಾಯರಿನಲ್ಲಿ ಅಂಥವು ಡಬ್ಬಿಗಟ್ಟಲೆ ಇವೆ. ಕಸ ಗುಡಿಸುವಾಗ ಎಷ್ಟೋ ಗುಡಿಸಿ ಹೋಗಿವೆ. ಒಂದು ಸ್ಕ್ರೂ ಇರಬೇಕಾದ ಜಾಗದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ದೊಡ್ಡ ಸಾಹೇಬರಿಗೆ ಮೇಲಿನವರ ಫೋನು ಬಂದಿತ್ತಂತೆ, ಗದ್ದಲದಲ್ಲಿ ಒಂದಕ್ಷರ ಕೇಳಿಸಲಿಲ್ಲವಂತೆ. ಆ ತುತ್ತೂರಿಯ ಬಾಯಿ ಮುಚ್ಚಿಸಿ ಎಂದು ಕೂಗಿ, ಸುತ್ತ ನೋಡಿ, ಸಾಲಿನಲ್ಲಿ ನಿಂತಿದ್ದ ಪೇದೆಯೊಬ್ಬನನ್ನು ಕರೆದರು. ಅವನನ್ನು ಎಲ್ಲರೂ ಸೂಜಿ ಎನ್ನುತ್ತಿದ್ದರು. ಹಿಂದಿನ ಗುಂಡು ಮಾಡಿದ ತೂತಿಗೇ ಮುಂದಿನ ಗುಂಡನ್ನು ಪೋಣಿಸುತ್ತಾನೆ ಎಂದು ಆ ಹೆಸರು. ನೀನು ಸೂಜಿ ಅಲ್ಲವೇ, ತಗೋ, ಆ ತುತ್ತೂರಿಗೆ ಹೊಡಿ ಎಂದು ಸೊಂಟದಿಂದ ತಮ್ಮ ಪಿಸ್ತೂಲು ಬಿಚ್ಚಿ ಕೊಟ್ಟರು. ಅವನು ಕಲ್ಲಿನ ಹಾಗೆ ನಿಂತು, ತುತ್ತೂರಿಯ ನಡುವಿಗೆ ಗುರಿ ಹಿಡಿದು, ಕಲಿಸಿದ ಹಾಗೆಯೇ ಟ್ರಿಗರನ್ನು ಮೆಲ್ಲಗೆ ಒತ್ತಿದ. ಹಲಗೆಯ ದೂರಕ್ಕೆ ನಾಲ್ಕು ಬೆರಳು. ಲಾರಿ ನಿಂತಿದ್ದದ್ದು ಅದರ ನಾಲ್ಕರಷ್ಟು ದೂರ, ಅಲ್ಲಿಗೆ ಹದಿನಾರು. ರಿಪೇರಿಗಾರ್ತಿ ಮೇಜಿನ ಮೇಲೆ ಕೈ ಹರಡಿ ಅಳೆದಳು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದು ಗೇಣು, ಮೇಲೆ ಚೂರು. ತುತ್ತೂರಿಯ ನಡುವಿನಿಂದ ಕುತ್ತಿಗೆಗೆ ಅಷ್ಟೇ ದೂರ ಇರುತ್ತದೆ. ತನ್ನ ಹೆಗಲಿನ ಮೇಲೂ ಅಳೆದು ನೋಡಿದಳು, ಯಾರಾದರೂ ಕಂಡಾರೆಂದು ಬಾಗಿಲ ಕಡೆ ನೋಡಿ ಕೈ ಇಳಿಸಿದಳು.

ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಗಂಡ ಬೆಳಿಗ್ಗೆ ಇದನ್ನೇ ಬಿಡಿಸಿ ಬಿಡಿಸಿ ಹೇಳಿದ್ದ. ಅವನಿಗೆ ಯಾವುದನ್ನೂ ಒಂದೇ ಸಲ ಹೇಳಿ ಗೊತ್ತಿಲ್ಲ. ನೋಡು, ಕನ್ನಡಕ ಮಾಡುವುದು ಒಬ್ಬರ ಕಣ್ಣಿಗೆ. ಅದನ್ನು ಇನ್ನೊಬ್ಬ ಹಾಕಿಕೊಂಡು ಹೋಗಿ ಚರಂಡಿಗೆ ಬಿದ್ದರೆ ಮಾಡಿದವನ ತಪ್ಪೇ? ಮಾತು ಸರಿಯಾಗಿತ್ತು. ಸರಿಯಾಗಿದ್ದುದಕ್ಕೇ ಅವಳಿಗೆ ತಟ್ಟೆ ಕುಕ್ಕುವಷ್ಟು ಸಿಟ್ಟು ಬಂತು.

“ಕನ್ನಡಕ ಹಾಕ್ಕೊಂಡೋನು ತಾನೇ ಬೀಳ್ತಾನೆ ರೀ,” ಎಂದಳು. “ಬೇರೆಯವರನ್ನ ಬೀಳಿಸಲ್ಲ.”

ಅವನು ಕನ್ನಡಕ ತೆಗೆದು ಒರೆಸಿಕೊಂಡ. ಅತ್ತೆ ಕಿಟಕಿ ಮುಚ್ಚಿ ಬಂದು, ವಾಸನೆಗೆ ತಲೆ ಸಿಡಿಯುತ್ತಿದೆ, ಈ ಜನಕ್ಕೆ ಇನ್ನೂ ಎಷ್ಟು ದಿನದ ಹಟವೋ ಎಂದು ಗೊಣಗಿ, ಅದೇ ಉಸಿರಿನಲ್ಲಿ, ಸತ್ತವಳಿಗೆ ಮಕ್ಕಳೆಷ್ಟಂತೆ ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಶಾಲೆಯ ಚೀಲಕ್ಕೆ ಪುಸ್ತಕ ತುರುಕುತ್ತಿದ್ದ ಮಗಳು ತಲೆಯೆತ್ತದೆ ಹೇಳಿದಳು.

“ಒಬ್ಬಳು ನಮ್ಮ ಸ್ಕೂಲಲ್ಲೇ ಇದಾಳಜ್ಜಿ. ಪಕ್ಕದ ಸೆಕ್ಷನ್ನು. ಅಮ್ಮ ಸತ್ತ ಮಾರನೇ ದಿನಾನೇ ಬಂದಿದ್ಲು. ಯಾಕೆ ಬಂದೆ ಅಂತ ಟೀಚರ್ ಕೇಳಿದ್ರೆ, ಮನೇಲಿ ತುಂಬಾ ಜನ ಇದಾರೆ ಮಿಸ್, ಕೂತ್ಕೊಳ್ಳೋಕೆ ಜಾಗ ಇಲ್ಲ ಅಂದ್ಲು.”

ಆಮೇಲೆ ಮಗಳು ಚೀಲದ ಜಿಪ್ಪು ಎಳೆದಳು. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ತಾಯಿ ಎದ್ದು ಹೋಗಿ ಬಿಡಿಸಿಕೊಟ್ಟಳು. ಕೈಗೆ ಏನಾದರೂ ಕೆಲಸ ಸಿಕ್ಕಿದ್ದಕ್ಕೆ ಆ ಜಿಪ್ಪಿಗೆ ಕೃತಜ್ಞಳಾದಳು. ಅಮ್ಮಾ, ಆ ಪಿಸ್ತೂಲು ನೀನು ಮುಟ್ಟಿದ್ಯಾ ಎಂದು ಮಗಳು ಕೇಳುವಳೆಂದು ಕಾದಳು. ಮಗಳು ಕೇಳಲಿಲ್ಲ, ಬೂಟಿನ ಲೇಸು ಕಟ್ಟಿಕೊಂಡು ಹೋದಳು. ಕೇಳದೇ ಹೋಗುವುದನ್ನು ಇಷ್ಟು ಚಿಕ್ಕ ವಯಸ್ಸಿಗೇ ಯಾರು ಕಲಿಸಿದರು? ತಾನೇ ಕಲಿಸಿರಬೇಕು.

ಮಧ್ಯಾಹ್ನದ ಹೊತ್ತಿಗೆ ಅವಳು ಟವೆಲು ಬಿಚ್ಚಿದಳು. ಮಾಡಿ ಬಿಸಾಕಿದರೆ ಮುಗಿಯುತ್ತದೆ ಎಂದುಕೊಂಡಳು. ಮುಗಿಯಲಿ ಎಂದುಕೊಂಡಷ್ಟೂ ಯಾವುದೂ ಮುಗಿಯುವುದಿಲ್ಲ ಎಂಬ ಅನುಭವವಿದ್ದೂ. ಪಿಸ್ತೂಲು ಖಾಲಿಯಿದೆಯೇ ಎಂದು ಒಂದು ಸಲ ನೋಡಿ, ನಂಬಿಕೆಯಾಗದೆ ಬೆರಳು ಹಾಕಿ ಮತ್ತೆ ನೋಡಿ, ಮೇಜಿನಂಚಿಗೆ ಬಿಗಿದ ಇಕ್ಕಳದಂಥ ವೈಸಿನ ದವಡೆಗೆ ಚರ್ಮದ ತುಂಡು ಕೊಟ್ಟು ಅದನ್ನು ಕಚ್ಚಿಸಿದಳು. ಸೈಟಿನ ಹಿಂಬದಿಗೂ ಪಿಸ್ತೂಲಿನ ಬೆನ್ನಿಗೂ ಸೇರಿಸಿ ಹಿಂದೆ ಯಾವತ್ತೋ ಅವಳೇ ಎಳೆದಿದ್ದ ಸಣ್ಣ ಗೀರು ಈಗ ಮುರಿದು ಎರಡು ಗೀರಾಗಿತ್ತು. ಮೇಲಿನದು ಬಲಕ್ಕೆ, ಕೆಳಗಿನದು ಇದ್ದಲ್ಲೇ. ಹಿತ್ತಾಳೆ ಕಡ್ಡಿಯನ್ನು ಸೈಟಿನ ಬಲಗೆನ್ನೆಗೆ ಕೊಟ್ಟು ಸುತ್ತಿಗೆ ಎತ್ತಿದಳು. ಮೂರು ಸಣ್ಣ ಪೆಟ್ಟು ಸಾಕು. ಗೀರು ಕೂಡಿಕೊಳ್ಳುತ್ತದೆ. ನಾಳೆ ತನಿಖೆಯವರು ಇದನ್ನು ಸ್ಟ್ಯಾಂಡಿಗೆ ಕಟ್ಟಿ ಹೊಡೆದರೆ ಗುಂಡು ನಡುವಿಗೆ ಬೀಳುತ್ತದೆ. ಪಿಸ್ತೂಲು ಸರಿಯಿದೆ ಎಂದಾಗುತ್ತದೆ. ಪಿಸ್ತೂಲು ಸರಿಯಿದ್ದರೆ ಸೂಜಿಯೇ ಹೆಂಗಸಿಗೆ ಗುರಿಯಿಟ್ಟ ಎಂದಾಗುತ್ತದೆ. ಗಾಳಿಯಲ್ಲಿ ಹೊಡಿ ಎಂದು ನಾನು ಹೇಳಿದ್ದೆ ಎಂದು ದೊಡ್ಡ ಸಾಹೇಬರು ಈಗಾಗಲೇ ಹೇಳಿಕೆ ಕೊಟ್ಟಿದ್ದರು. ಎತ್ತಿದ ಕೈ ಎತ್ತಿದಲ್ಲೇ ನೋಯತೊಡಗಿತು. ಹಾಳಾದ್ದು, ಮೂರು ಪೆಟ್ಟು. ಹಿಂದಿನ ಬಾಗಿಲು ಕಿರ್ ಎಂದಿತು.

ಬಂದವನು ಸೂಜಿ. ಸಸ್ಪೆಂಡ್ ಮಾಡಿ ಮನೆಯಲ್ಲಿ ಕೂರಿಸಿದ್ದರು. ಚೌಕಳಿ ಶರ್ಟಿನಲ್ಲಿ ಅವನು ಯಾರದೋ ಮದುವೆಗೆ ತಪ್ಪಿ ಬಂದವನ ಹಾಗೆ ಕಂಡ. ಕೂತುಕೋ ಎಂದರೂ ಕೂರಲಿಲ್ಲ. ಎರಡು ಕೈಗಳನ್ನೂ ಮುಂದಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ, ತಾನೇ ನೋಡುತ್ತ ನಿಂತ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಹೆಂಡತಿ ಮಾತಾಡಿಸುತ್ತಿಲ್ಲ, ಈ ಕೈ ನನಗೆ ಹೀಗೆ ಮಾಡಿತಲ್ಲ ಎಂದು ಅದನ್ನೇ ತಿರುಗಿಸಿ ತಿರುಗಿಸಿ ಹೇಳಿದ. ಅವನಿಗೆ ಸೈಟಿನ ಸಂಗತಿ ಗೊತ್ತೇ ಇರಲಿಲ್ಲ. ಗೊತ್ತಿರುವುದು ಸಾಧ್ಯವೂ ಇರಲಿಲ್ಲ. ದೊಡ್ಡ ಸಾಹೇಬರು ಅವಮಾನವಾದ ದಿನ ಜೊತೆಗಿದ್ದವರನ್ನೆಲ್ಲ ಆಚೆ ಕಳಿಸಿ, ಸರಿಸುವಾಗ ಬಾಗಿಲು ಹಾಕಿಸಿದ್ದರು. ಅವಳು ಸುತ್ತಿಗೆ ಕೆಳಗಿಟ್ಟಳು.

“ನಿನ್ನ ಕೈ ತಪ್ಪಿಲ್ಲ ಕಣೋ. ಸೈಟು ಬಲಕ್ಕಿತ್ತು. ಅವರ ಕೈ ಎಡಕ್ಕೆಳೆಯುತ್ತೆ ಅಂತ ನಾನೇ ಸರಿಸಿದ್ದೆ.”

ಅವನು ಸಿಟ್ಟಾಗುತ್ತಾನೆ, ಮೇಜು ಒದೆಯುತ್ತಾನೆ ಎಂದು ಅವಳು ಮೈ ಬಿಗಿ ಹಿಡಿದಿದ್ದಳು. ಅವನ ಮುಖದಲ್ಲಿ ಎದ್ದು ಬಂದದ್ದು ಸಿಟ್ಟಲ್ಲ. ಮೊದಲು ಹಣೆ ಸಡಿಲವಾಯಿತು, ಆಮೇಲೆ ತುಟಿ. ಹಾಗಾದ್ರೆ ನಾನು ತಪ್ಪಿಲ್ಲ ಎಂದ. ಕೈ ಹಿಂದಕ್ಕೆಳೆದುಕೊಂಡು, ಕಳೆದುಹೋದ ಪರ್ಸು ಸಿಕ್ಕವನ ಹಾಗೆ ಒಂದನ್ನೊಂದು ಸವರಿಕೊಂಡ. ಹಾಗಾದ್ರೆ ತುತ್ತೂರಿಯ ನಡುವಿಗೇ ಬೀಳುತ್ತಿತ್ತು, ಅಲ್ವಾ ಅಕ್ಕ? ಅವನ ಕಣ್ಣಲ್ಲಿ ನೀರು ಬಂತು. ಅದು ಸತ್ತವಳಿಗಾಗಿ ಬಂದದ್ದಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಆ ನೀರು ತನಗೂ ಪರಿಚಯದ್ದೇ. ಗಂಡ ಕನ್ನಡಕದ ಮಾತು ಹೇಳಿದಾಗ ತನ್ನ ಕಣ್ಣಿನಂಚಿಗೂ ಅದೇ ಬಂದು, ಸಿಟ್ಟು ಮಾಡಿಕೊಂಡು ಒಣಗಿಸಿಕೊಂಡದ್ದು.

“ನಡುವಿಗೇ ಬೀಳ್ತಿತ್ತು,” ಎಂದಳು. “ಬಿದ್ದಿದ್ರೆ?”

“ಬಿದ್ದಿದ್ರೆ ಏನಕ್ಕ, ತುತ್ತೂರಿ ಹೋಗ್ತಿತ್ತು.”

“ತುತ್ತೂರಿ ಎಲ್ಲಿತ್ತು?”

ಅವನು ಶರ್ಟಿನ ಗುಂಡಿ ಹಿಡಿದು ತಿರುವಿದ.

“ಹೆಗಲ ಮೇಲಿತ್ತು ಕಣೋ. ಅವಳ ಕಿವಿ ಪಕ್ಕ. ತಗಡು ತೂರಿಕೊಂಡು ಗುಂಡು ಎಲ್ಲಿಗೆ ಹೋಗ್ತಿತ್ತು? ಹಿಂದೆ ಲಾರಿ ತುಂಬ ಜನ ಇರಲಿಲ್ವಾ?”

ಸಾಹೇಬರು ಹೇಳಿದ್ರು ಅಕ್ಕ ಎಂದ. ನಾನು ತಪ್ಪಲ್ಲ ಅಂತ ಗೊತ್ತಿತ್ತು, ಅದಕ್ಕೇ ಹೊಡೆದೆ ಎಂದ. ಆಮೇಲೆ ಬಂದ ಕೆಲಸ ನೆನಪಾದವನಂತೆ ದನಿ ತಗ್ಗಿಸಿ, ನಿಮಗೆ ಪಿಸ್ತೂಲಿನ ಏನೋ ಕೆಲಸ ಹೇಳಿದ್ದಾರಂತಲ್ಲ, ಅದು ಈ ಸೈಟೇ ಇರಬೇಕು, ಮಾಡಿಬಿಡಿ ಎಂದು ಬೇಡಿಕೊಂಡ. ಚಿಕ್ಕ ಸಾಹೇಬರು ಮನೆಗೇ ಬಂದಿದ್ದರಂತೆ. ಅವಳ ಕೈಯಲ್ಲಿ ಕಲ್ಲಿತ್ತು, ಹೆದರಿ ಹೊಡೆದೆ ಎಂದು ಅವನು ಒಪ್ಪಿಕೊಂಡರೆ ಸ್ವಲ್ಪ ದಿನ ಮನೆಯಲ್ಲಿದ್ದು ಆಮೇಲೆ ಮತ್ತೆ ಕೆಲಸಕ್ಕೆ ಸೇರಬಹುದಂತೆ. ನಿಮ್ಮ ಕೆಲಸ ಆಗದಿದ್ದರೆ ದೊಡ್ಡವರ ಹೆಸರು ಬರುತ್ತದೆ, ಆಮೇಲೆ ಯಾರನ್ನೂ ಉಳಿಸುವುದಿಲ್ಲವಂತೆ. ತುತ್ತೂರಿ ಹೊತ್ತವಳ ಕೈಯಲ್ಲಿ ಕಲ್ಲೆಲ್ಲಿತ್ತು ಎಂದು ಅವಳು ಕೇಳಿದಳು. ಅವನು, ನಾನು ತಪ್ಪಿಲ್ಲ ಅಂತ ನಿಮಗೆ ಗೊತ್ತಲ್ಲ, ನನಗೆ ಅಷ್ಟು ಸಾಕು ಎಂದು ಬಂದ ದಾರಿಯಲ್ಲೇ ಹೋದ. ಬಾಗಿಲು ಹಾಕಿಕೊಳ್ಳಲಿಲ್ಲ. ವಾಸನೆ ಒಳಗೆ ನುಗ್ಗಿತು.

ಅವಳು ಎದ್ದು ಹೋಗಿ ಬಾಗಿಲು ಒದ್ದು ಮುಚ್ಚಿದಳು, ಅದು ಮತ್ತೆ ತೆರೆದುಕೊಂಡಿತು, ಬೆನ್ನು ಕೊಟ್ಟು ತಳ್ಳಿ ಅಗುಳಿ ಹಾಕಿದಳು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದ ಸಿಟ್ಟು ಬಾಗಿಲ ಮೇಲೆ, ಟ್ಯೂಬ್‌ಲೈಟಿನ ಮೇಲೆ, ನೊಣದ ಮೇಲೆ ಹೋಗುತ್ತದೆ. ಬೆಳಗಿನಿಂದ ಎಲ್ಲರೂ ಹುಡುಕುತ್ತಿರುವುದು ಒಂದೇ: ತಪ್ಪು ಕೈಯಲ್ಲೋ ಕಬ್ಬಿಣದಲ್ಲೋ. ಅವಳೂ ಅದನ್ನೇ ಹುಡುಕುತ್ತಿದ್ದಳು, ಹೊಟ್ಟೆಪಾಡೇ ಅದು. ಮರಳಿನ ಚೀಲ, ಡಮ್ಮಿ ಗುಂಡು, ಹಿತ್ತಾಳೆ ಕಡ್ಡಿ, ಎಷ್ಟೊಂದು ಹತ್ಯಾರ ಈ ಒಂದು ಪ್ರಶ್ನೆಗೆ. ಹೆಂಗಸಿನ ಹೆಗಲ ಮೇಲಿರುವುದಕ್ಕೆ ‘ಹೊಡಿ’ ಎಂದ ಬಾಯಿಯನ್ನು ಯಾರು ವೈಸಿಗೆ ಕಚ್ಚಿಸಿ ನೋಡುತ್ತಾರೆ? ಅದಕ್ಕೆ ಹತ್ಯಾರ ಯಾವ ಶೆಡ್ಡಿನಲ್ಲಿದೆ? ಸೈಟು ಕಡ್ಡಿಯಷ್ಟು ನೆಟ್ಟಗಿದ್ದರೂ, ಕೈ ಬಂಡೆಯಷ್ಟು ಗಟ್ಟಿಯಿದ್ದರೂ ಆ ಮಾತು ಓರೆಯೇ. ಆದರೆ ಆ ಮಾತಿಗೆ ತೂತು ಬೀಳುವುದಿಲ್ಲ, ಅಳೆಯಲು ಬರುವುದಿಲ್ಲ. ಉಳಿದಿರುವ ಗುರುತೆಂದರೆ ಈ ಸೈಟು ಮಾತ್ರ. ಯಾರು ಸರಿಸಿದರು ಎಂದರೆ ನಾನು. ಯಾಕೆ ಸರಿಸಿದೆ ಎಂದರೆ ಅವರ ಕೈಗೆ. ಅವರ ಕೈಗಿದ್ದದ್ದು ಇನ್ನೊಬ್ಬನ ಕೈಗೆ ಹೇಗೆ ಬಂತು ಎಂದರೆ ಆಗ ‘ಹೊಡಿ’ ಎಂಬ ಮಾತು ಎದ್ದು ಬರಲೇಬೇಕು. ಮೂರು ಪೆಟ್ಟು ಕೊಟ್ಟರೆ ಸೈಟಿನ ಜೊತೆಗೆ ಆ ಮಾತೂ ನೆಟ್ಟಗಾಗುತ್ತದೆ. ನಾಳೆ ಇನ್ನೊಂದು ಗೇಟಿನ ಮುಂದೆ, ಇನ್ನೊಬ್ಬಳ ಹೆಗಲು. ಆ ಹೆಂಗಸಿನ ಮುಖ ಹೇಗಿತ್ತೆಂದು ನೆನೆಯಲು ನೋಡಿದಳು. ನೋಡಿಯೇ ಇರಲಿಲ್ಲ. ಕಂಡದ್ದು ಜಾಗವಿಲ್ಲದೆ ಶಾಲೆಗೆ ಬಂದು ಕೂತ ಹುಡುಗಿಯೊಬ್ಬಳು. ಅವಳ ಮುಖವೂ ಗೊತ್ತಿಲ್ಲ, ಗೊತ್ತಿದ್ದ ಮುಖವನ್ನೇ ಅಂಟಿಸಿದ್ದಳು, ತನ್ನ ಮಗಳದ್ದು.

ಸಂಜೆ ದೊಡ್ಡ ಸಾಹೇಬರು ಬಂದಾಗ ಪಿಸ್ತೂಲು ವೈಸಿನಲ್ಲೇ ಇತ್ತು. ಹಿಂದೆ ಚಿಕ್ಕ ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ದೊಡ್ಡವರು ಇವತ್ತು ಏಯ್ ಎನ್ನಲಿಲ್ಲ. ಶೆಡ್ಡು ಸಣ್ಣದಾಯಿತಲ್ಲಮ್ಮ ನಿಮಗೆ, ಬೆಳಕೂ ಸಾಲದು, ಹೇಳಬಾರದಿತ್ತೇ ಎಂದರು. ಸ್ಟೂಲಿನ ಮೇಲೆ ತಾವೇ ಕೂತು, ಮಗಳು ಎಷ್ಟನೇ ಕ್ಲಾಸು ಎಂದು ಕೇಳಿದರು. ಅವಳು ಹೇಳಿದಳು. ಒಳ್ಳೇದು ಎಂದರು. ಕೆಲಸ ಆಯಿತೇ ಎಂದು ಕೇಳಿದರು, ಆಗಿಯೇ ಇರುತ್ತದೆ ಎಂಬ ಹಾಗೆ.

“ಇಲ್ಲ ಸಾರ್.”

ಯಾಕೆ, ಹತ್ಯಾರ ಇಲ್ಲವೇ ಎಂದರು. ಇದೆ ಎಂದಳು. ಮಧ್ಯಾಹ್ನದಿಂದ ತಲೆಯಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳು ಒಂದೂ ಇರಲಿಲ್ಲ. ಹೆಂಗಸು, ಹೆಗಲು, ಹೊಡಿ ಎಂದ ಬಾಯಿ, ಎಲ್ಲ ಎಲ್ಲಿಗೋ ಹೋಗಿದ್ದವು. ಕಂಕುಳಲ್ಲಿ ಬೆವರು ಇಳಿಯುವುದು ತಿಳಿಯುತ್ತಿತ್ತು. ಇಷ್ಟು ಹೆದರಿಕೆಯಿಟ್ಟುಕೊಂಡು ಇಷ್ಟೆಲ್ಲ ಯೋಚಿಸಿದೆನಲ್ಲ ಎಂದು ತನ್ನ ಮೇಲೇ ರೇಗಿತು. ಚಿಕ್ಕ ಸಾಹೇಬರು ಕರವಸ್ತ್ರದ ಹಿಂದಿನಿಂದಲೇ ಲೆಕ್ಕ ಒಪ್ಪಿಸುವವರಂತೆ ಹೇಳಿದರು: ಸೈಟು ಸರಿಸಲು ಯಾರೂ ಬರೆದು ಕೊಟ್ಟಿಲ್ಲ, ಅದು ಸರಿದಿದೆ ಎಂದಾದರೆ ಸರಿಸಿದವರು ನೀವೊಬ್ಬರೇ, ಇಲಾಖೆಯ ಆಯುಧ ಕೆಡಿಸಿ ಜೀವ ತೆಗೆಸಿದವರು ಎಂದಾಗುತ್ತದೆ, ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ.

“ನಾನೇ ಸರಿಸಿದ್ದು ಸಾರ್,” ಎಂದಳು. ದನಿ ಸೀಳಿತು, ಕೆಮ್ಮಿ ಮತ್ತೆ ಹೇಳಿದಳು. “ಕೇಳಿದ್ರೆ ಅದನ್ನೇ ಹೇಳ್ತೀನಿ. ಯಾರ ಕೈಗೆ ಅಂತಾನೂ ಹೇಳ್ತೀನಿ.”

ಹಾಗಾದರೆ ಇನ್ನೊಬ್ಬನ ಕೈಯಲ್ಲಿ ಮಾಡಿಸುತ್ತೇವೆ ಎಂದರು ಚಿಕ್ಕ ಸಾಹೇಬರು. ಮಾಡಿಸಿ ಎಂದಳು, ಆ ಕಬ್ಬಿಣ ಬಿಗಿ, ಹೊಸ ಕೈ ಹೊಡೆದರೆ ಪೆಟ್ಟಿನ ಗುರುತು ಉಳಿಯುತ್ತದೆ, ಉಳಿಯದಿದ್ದರೂ ಅದು ನಡುವಿನಲ್ಲಿರಲಿಲ್ಲ ಎಂದು ನಾನು ಹೇಳುತ್ತೇನೆ ಎಂದಳು. ಇಷ್ಟು ಮಾತು ತನ್ನ ಬಾಯಿಂದ ಬಂದದ್ದೇ ಎಂದು ಅವಳಿಗೆ ಗಾಬರಿಯಾಯಿತು. ದೊಡ್ಡ ಸಾಹೇಬರು ಸ್ಟೂಲಿನಿಂದ ಎದ್ದರು. ನಗು ಹಾಗೇ ಇತ್ತು, ಕಣ್ಣು ಮಾತ್ರ ಅದರ ಜೊತೆಗಿರಲಿಲ್ಲ. ವೈಸಿನ ಹತ್ತಿರ ಬಂದು, ತಮ್ಮ ಪಿಸ್ತೂಲನ್ನು ಒಂದು ಕ್ಷಣ ನೋಡಿ, ಪಕ್ಕದಲ್ಲಿದ್ದ ಸುತ್ತಿಗೆಯನ್ನು ತಾವೇ ಎತ್ತಿಕೊಂಡು, ಹಿಡಿ ಅವಳ ಕಡೆಗಿರುವಂತೆ ತಿರುಗಿಸಿ ಮುಂದೆ ಚಾಚಿದರು. ಹಿಡಿಯ ಮರ ಅವಳ ಅಂಗೈಗೆ ತಕ್ಕ ಹಾಗೆ ಸವೆದು ನುಣುಪಾಗಿತ್ತು.

“ಮೂರು ಪೆಟ್ಟು ಅಷ್ಟೇ ಅಲ್ವಾ? ನಾನೇ ನಿಂತು ನೋಡ್ತೀನಿ. ತಗೋ.”

ಆಚೆ ರಸ್ತೆಯಲ್ಲಿ ಯಾರೋ ಕಸದ ರಾಶಿಗೆ ಇನ್ನೊಂದು ಚೀಲ ಎಸೆದು ಹೋದ ಸದ್ದಾಯಿತು. ಅವಳು ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು.

“ತಗೋ ಅಂದೆ.”

“ತಗೊಳಲ್ಲ,” ಎಂದಳು.